ಎಂ-ಪೆಸಾ ಕೀನ್ಯಾದಲ್ಲಿ ಉಳಿಯಿತು, ನಮ್ಮಲ್ಲಿ ಅಳಿಯಿತು: ಜಾಣ್ಮೆ ಇದ್ದದ್ದು ಯಾರಲ್ಲಿ?

ನೈರೋಬಿಯಲ್ಲಿದ್ದವ

ನಾನು ಆರು ವರ್ಷ ನೈರೋಬಿಯಲ್ಲಿ ಔಷಧ ವಿತರಣೆಯ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಂಡಿದ್ದು, ಈಗ ಊರಾದ ದಾವಣಗೆರೆಗೆ ಮರಳಿದ್ದೇನೆ. ಬಡ ದೇಶಗಳ ಪ್ರಗತಿಗೆ ಡಿಜಿಟಲ್ ತಂತ್ರಜ್ಞಾನವೂ ಸೃಜನಶೀಲತೆಯೂ ಕಾರಣ ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಆ ಸೃಜನಶೀಲತೆ ಯಾರದು, ಸಾಧನ ಮಾಡಿದವರದೋ ಅದನ್ನು ಕೈಗೆತ್ತಿಕೊಂಡವರದೋ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದ್ದು ನೆನಪಿಲ್ಲ. ಮೊಬೈಲಿನಲ್ಲಿಯೇ ಹಣ ಕಳಿಸುವ ಸೇವೆಯಾದ ಎಂ-ಪೆಸಾದ ಕಥೆಯನ್ನು ಮುಂದಿಟ್ಟು ಅದನ್ನು ಇಲ್ಲಿ ಕೇಳುತ್ತಿದ್ದೇನೆ.

ಸ್ವಾಹಿಲಿಯಲ್ಲಿ ಪೆಸಾ ಎಂದರೆ ಹಣ. ನಮ್ಮ ಪೈಸೆಯೇ ವ್ಯಾಪಾರಿಗಳ ಜೊತೆ ಕಡಲು ದಾಟಿ ಪೆಸಾ ಆಗಿದೆ. ಅಂಗಡಿಗೆ ಅಲ್ಲಿ ದುಕಾ ಎನ್ನುತ್ತಾರೆ, ಹುಬ್ಬಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೋಡಾಫೋನ್ ಕಂಪನಿಯ ನಿಕ್ ಹ್ಯೂಸ್ ಮತ್ತು ಸೂಸಿ ಲೋನಿ ಎಂಬಿಬ್ಬರು, ಬ್ರಿಟಿಷ್ ಸರ್ಕಾರದ ಅನುದಾನದ ನೆರವಿನಿಂದ, 2005ರ ಅಕ್ಟೋಬರ್‌ನಲ್ಲಿ ಎಂಟು ಅಂಗಡಿಗಳು ಮತ್ತು ಸುಮಾರು 500 ಗ್ರಾಹಕರನ್ನು ಇಟ್ಟುಕೊಂಡು ಕೀನ್ಯಾದಲ್ಲಿ ಪ್ರಯೋಗವೊಂದನ್ನು ಆರಂಭಿಸಿದರು. ಕಿರುಸಾಲ ಪಡೆದವರು ಕಂತು ಕಟ್ಟಲು ವಾರವಾರವೂ ಸಭೆಗೆ ನಡೆದು ಬರುವುದು ತಪ್ಪಲಿ, ಮೊಬೈಲಿನಲ್ಲಿಯೇ ಕಟ್ಟಲಿ ಎಂಬುದಷ್ಟೇ ಅವರ ಎಣಿಕೆಯಾಗಿತ್ತು.

ಗ್ರಾಹಕರು ಆ ಎಣಿಕೆಯೊಳಗೆ ನಿಲ್ಲಲಿಲ್ಲ. ಒಬ್ಬರ ಕಂತನ್ನು ಇನ್ನೊಬ್ಬರು ಕಟ್ಟಿದರು. ಬೆಳಿಗ್ಗೆ ಪ್ರಯಾಣ ಹೊರಡುವಾಗ ನಗದನ್ನು ಮೊಬೈಲಿಗೆ ತುಂಬಿಸಿ, ದಾರಿಗಳ್ಳರ ಭಯವಿಲ್ಲದೆ ಊರು ಸೇರಿ, ಅಲ್ಲಿಯ ಅಂಗಡಿಯಲ್ಲಿ ಬಿಡಿಸಿಕೊಂಡರು. ಊರಲ್ಲಿದ್ದ ಹೆಂಡತಿಗೋ ತಾಯಿಗೋ ಮೊಬೈಲಿನ ಟಾಕ್‌ಟೈಮ್ ಕೊಂಡು ಕಳಿಸಿದರು. ಟಾಕ್‌ಟೈಮನ್ನು ನಾಣ್ಯದಂತೆ ಚಲಾಯಿಸುವ ರೂಢಿ ಎಂ-ಪೆಸಾಕ್ಕಿಂತ ಹಳೆಯದು: ನೆರೆಯ ಉಗಾಂಡದಲ್ಲಿ ಪಟ್ಟಣದಲ್ಲಿರುವ ಮಗ ರೀಚಾರ್ಜ್ ಕಾರ್ಡ್ ಕೊಂಡು, ಅದರ ಗುಪ್ತಸಂಖ್ಯೆಯನ್ನು ಹಳ್ಳಿಯ ಫೋನ್ ಅಂಗಡಿಯವನಿಗೆ ಓದಿ ಹೇಳುತ್ತಿದ್ದ, ಅಂಗಡಿಯವನು ತನ್ನ ಪಾಲು ಮುರಿದುಕೊಂಡು ಉಳಿದ ನಗದನ್ನು ತಾಯಿಯ ಕೈಗಿಡುತ್ತಿದ್ದ. ಇದನ್ನು ಯಾವ ಎಂಜಿನಿಯರೂ ವಿನ್ಯಾಸ ಮಾಡಿರಲಿಲ್ಲ. ವೋಡಾಫೋನಿನವರ ದೊಡ್ಡತನವೆಂದರೆ, ತಾವು ಬರೆದುಕೊಂಡು ಬಂದಿದ್ದ ಯೋಜನೆಯನ್ನು ಪಕ್ಕಕ್ಕಿಟ್ಟು, ಜನ ಏನು ಮಾಡುತ್ತಿದ್ದರೋ ಅದನ್ನೇ ಸೇವೆಯನ್ನಾಗಿ ಮಾಡಿದ್ದು. 2007ರ ಮಾರ್ಚ್‌ನಲ್ಲಿ ಸಫಾರಿಕಾಮ್ ಕಂಪನಿಯ ಮೂಲಕ ಅದು ದೇಶಕ್ಕೆಲ್ಲ ಬಂದಾಗ ಸಾಲದ ಮಾತೇ ಇರಲಿಲ್ಲ. ಮನೆಗೆ ಹಣ ಕಳಿಸಿ ಎಂಬುದಷ್ಟೇ ಜಾಹೀರಾತಾಗಿತ್ತು.

ನಾನು ಹೋಗುತ್ತಿದ್ದ ಅಂಗಡಿ ಒಬ್ಬರು ಕೂರುವಷ್ಟೇ ಅಗಲದ ಹಸಿರು ಬಣ್ಣದ ಗೂಡು. ಕಬ್ಬಿಣದ ಜಾಲರಿಯ ಹಿಂದೆ ಕುಳಿತ ಹೆಣ್ಣುಮಗಳು ಗುರುತಿನ ಚೀಟಿಯ ಸಂಖ್ಯೆ ಮತ್ತು ಮೊತ್ತವನ್ನು ಗೆರೆ ಎಳೆದ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿಕೊಂಡು, ತನ್ನ ಫೋನಿಗೂ ನನ್ನ ಫೋನಿಗೂ ಸಂದೇಶ ಬಂದದ್ದನ್ನು ನೋಡಿದ ಮೇಲೆಯೇ ಹಣ ಎಣಿಸುತ್ತಿದ್ದಳು. ತಿಂಗಳ ಕೊನೆಯ ಶುಕ್ರವಾರ ಎಲ್ಲರೂ ಬಿಡಿಸುವವರೇ ಆದ್ದರಿಂದ ಅವಳ ಬಳಿ ನಗದು ತೀರಿಹೋಗುತ್ತಿತ್ತು. ಆಗ ಪಕ್ಕದ ಮಾಂಸದ ಅಂಗಡಿಯವನಿಂದ ನೋಟು ಪಡೆದು, ಅಷ್ಟನ್ನೇ ಅವನ ಮೊಬೈಲಿಗೆ ಹಾಕುತ್ತಿದ್ದಳು. ಅವನಿಗೆ ರಾತ್ರಿ ನಗದನ್ನು ಮನೆಗೆ ಹೊತ್ತೊಯ್ಯುವ ಭಯ ತಪ್ಪಿತು, ಅವಳಿಗೆ ಗಿರಾಕಿ ಉಳಿಯಿತು. ಈ ಏರ್ಪಾಡು ಯಾವ ಕೈಪಿಡಿಯಲ್ಲಿಯೂ ಇರಲಾರದು.

ತವನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಸೇವೆಯಿಂದ ಕೀನ್ಯಾದ ಸುಮಾರು 1,94,000 ಕುಟುಂಬಗಳು, ಅಂದರೆ ನೂರಕ್ಕೆ ಎರಡು ಮನೆಗಳು, ಕಡುಬಡತನದಿಂದ ಮೇಲೆದ್ದವು. ಆ ಲೆಕ್ಕದ ವಿಧಾನವನ್ನು 2019ರಲ್ಲಿ ಬೇರೆ ವಿದ್ವಾಂಸರು ಗಟ್ಟಿಯಾಗಿಯೇ ಪ್ರಶ್ನಿಸಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಇದೇ ಎಂ-ಪೆಸಾ 2013ರಲ್ಲಿ ಭಾರತಕ್ಕೂ ಬಂದು, ಬೇರೂರದೆ, 2019ರಲ್ಲಿ ಮುಚ್ಚಿಹೋಯಿತು. ಇಲ್ಲಿ ಬ್ಯಾಂಕನ್ನು ಮುಂದಿಟ್ಟುಕೊಂಡೇ ನಡೆಯಬೇಕೆಂಬ ನಿಯಮ, ದಾಖಲೆಪತ್ರಗಳ ಹೊರೆ, ಆಮೇಲೆ ಯುಪಿಐ, ಎಲ್ಲವೂ ಕಾರಣವೇ. ಆದರೂ ಜನರ ಜಾಣ್ಮೆ ಕೈಯಾಡಿಸಲು ಜಾಗ ಬಿಟ್ಟ ತಂತ್ರಜ್ಞಾನ ಮಾತ್ರ ನಿಲ್ಲುತ್ತದೆ, ಉಳಿದದ್ದು ಉದ್ಘಾಟನೆಯ ಫೋಟೊದಲ್ಲಿಯೇ ಉಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಒಪ್ಪದವರು ಬರೆಯಬೇಕು.

ನಿವೃತ್ತ ಗ್ರಾಮಲೆಕ್ಕಿಗ

ನಾನು ಒಪ್ಪದವನು, ಆದ್ದರಿಂದ ಬರೆಯುತ್ತಿದ್ದೇನೆ. ಜನರ ಜಾಣ್ಮೆಗೆ ಜಾಗ ಬಿಡಬೇಕು ಎಂಬ ನಿಮ್ಮ ಮಾತು ಓದಿದಾಗ ನನಗೆ ನಗು ಬಂತು ಸ್ವಾಮಿ. ಮೂವತ್ತೆರಡು ವರ್ಷ ಕಂದಾಯ ಇಲಾಖೆಯಲ್ಲಿ ಗ್ರಾಮಲೆಕ್ಕಿಗನಾಗಿ ದುಡಿದವನು ನಾನು. ನಮ್ಮಲ್ಲಿ ಜಾಣ್ಮೆಗೆ ಯಾವ ಕಾಲದಲ್ಲಿಯೂ ಬರಗಾಲವಿರಲಿಲ್ಲ. ಬೇಕಾಗಿದ್ದದ್ದು ಆ ಜಾಣ್ಮೆಗೆ ಬಾಗಿಲು ಹಾಕುವ ಯಂತ್ರ.

ಕೈಬರಹದ ಪಹಣಿ ಹೇಗಿತ್ತೆಂದು ಈಗಿನವರಿಗೆ ಗೊತ್ತಿರಲಾರದು. ರಾಜ್ಯದಲ್ಲಿ ನಮ್ಮಂಥವರು ಸುಮಾರು ಒಂಬತ್ತು ಸಾವಿರ ಮಂದಿ. ಒಬ್ಬೊಬ್ಬನ ಕೈಯಲ್ಲಿಯೂ ಮೂರು ನಾಲ್ಕು ಹಳ್ಳಿಗಳ ಭೂಮಿಯ ಹಣೆಬರಹ. ಪುಸ್ತಕ ಇರುವುದು ಲೆಕ್ಕಿಗನ ಚೀಲದಲ್ಲಿ, ಚೀಲ ಇರುವುದು ಲೆಕ್ಕಿಗನ ಮನೆಯಲ್ಲಿ, ಲೆಕ್ಕಿಗ ಎಲ್ಲಿದ್ದಾನೆಂಬುದು ದೇವರಿಗೇ ಗೊತ್ತು. ರೈತನಿಗೆ ಬ್ಯಾಂಕಿನ ಬೆಳೆಸಾಲಕ್ಕೆ ಪಹಣಿ ಬೇಕೆಂದರೆ ಮೂರು ದಿನದ ಕೂಲಿ ಬಿಟ್ಟು ಅವನನ್ನು ಹುಡುಕಬೇಕು, ಸಿಕ್ಕಿದ ಮೇಲೆ ಕೈ ಬಿಸಿ ಮಾಡಬೇಕು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ರಿಜಿಸ್ಟರಿನಲ್ಲಿ ಅಲ್ಲಲ್ಲಿ ಒಂದೊಂದು ಗೆರೆ ಖಾಲಿ ಬಿಡುತ್ತಿದ್ದರು. ಏಕೆ ಸಾರ್ ಎಂದು ಕೇಳಿದ್ದಕ್ಕೆ, "ಮುಂದೆ ಯಾರಾದರೂ ಬಂದಾರು, ಕೂರಲು ಜಾಗ ಬೇಡವೇ" ಎಂದಿದ್ದರು. ಆ ಖಾಲಿ ಗೆರೆಯಲ್ಲಿ ಹಳೆಯ ತಾರೀಖಿನ ನಮೂದೊಂದು ಬಂದು ಕುಳಿತರೆ ಯಾರೋ ಒಬ್ಬನ ಎರಡು ಎಕರೆ ಹೋಯಿತೆಂದೇ ಲೆಕ್ಕ. ಇದೂ ಸೃಜನಶೀಲತೆಯೇ ತಾನೆ?

ಪಹಣಿಗಳನ್ನು ಗಣಕಕ್ಕೆ ಏರಿಸುವ "ಭೂಮಿ" ಯೋಜನೆ ಬಂದದ್ದು ಈ ಗೆರೆಯನ್ನು ಅಳಿಸುವುದಕ್ಕೆ. ಅದಕ್ಕೆ ಮೊದಲು 1991ರಲ್ಲಿ ಗುಲ್ಬರ್ಗಾದಲ್ಲಿ ಒಂದು ಯತ್ನ ನಡೆದು, ಗಣಕಕ್ಕೆ ತುಂಬಿಸಿದ ಮಾಹಿತಿ ಹಳತಾಗುತ್ತ ಹೋದಂತೆ ಕೈಬಿಟ್ಟುಹೋಗಿತ್ತು. ಎರಡನೆಯ ಸಲ ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಡನೆ, ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ತುಂಬಿಸಿ, 2002ರ ಹೊತ್ತಿಗೆ ಎಲ್ಲ ತಾಲ್ಲೂಕುಗಳಲ್ಲಿಯೂ ಕೇಂದ್ರ ತೆರೆದರು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆದರೆ ಇದರ ಪ್ರಾಣ ಗಣಕದಲ್ಲಿರಲಿಲ್ಲ, ಮೂರು ನಿರ್ಧಾರಗಳಲ್ಲಿತ್ತು. ಕೈಬರಹದ ಪಹಣಿಗೆ ಇನ್ನು ಬೆಲೆಯಿಲ್ಲ ಎಂದು ಆದೇಶ ಮಾಡಿದರು. ಹಳೆಯದೂ ನಡೆಯುತ್ತದೆ ಎಂದು ಬಿಟ್ಟಿದ್ದರೆ ನಾವು ಹಳೆಯದನ್ನೇ ನಡೆಸುತ್ತಿದ್ದೆವು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವಂತೆ ತಂತ್ರಾಂಶಕ್ಕೆ ಕಟ್ಟುಹಾಕಿದರು. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂದು ಮಾಡಿದ್ದರಿಂದ, "ನಾನಲ್ಲ, ಯಾರೋ ನನ್ನ ಪಾಸ್‌ವರ್ಡ್ ಬಳಸಿದರು" ಎನ್ನುವ ದಾರಿಯೂ ಮುಚ್ಚಿತು. ಜೊತೆಗೆ ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇಟ್ಟರು. ತನ್ನ ಸರ್ವೆ ನಂಬರು, ತನ್ನ ಹೆಸರು ಬೆಳಕಿನಲ್ಲಿ ಮೂಡಿದ್ದನ್ನು ನೋಡಿ ಕೈಮುಗಿದ ಮುದುಕರನ್ನು ಕಂಡಿದ್ದೇನೆ.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಆಗ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಮೂರರಲ್ಲಿ ಎರಡು ಪಾಲು ಜನ ಲಂಚ ಕೊಟ್ಟೆವೆಂದರೆ, ಭೂಮಿ ಕೇಂದ್ರದಲ್ಲಿ ಕೊಟ್ಟವರು ನೂರಕ್ಕೆ ಮೂರು ಮಂದಿ. ನೀವು ಹೇಳುವ ಜಾಗ ಬಿಡುವ ತತ್ತ್ವವನ್ನು ಇಲ್ಲಿಗೆ ತಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ.

ಕಾಸರಗೋಡಿನ ಮೇಷ್ಟ್ರು

ಇಬ್ಬರ ಮಾತೂ ಓದಿದೆ. ನಮ್ಮೂರಿನ ಕಡಲ ದಡದ ಒಂದು ಪ್ರಸಂಗ ಈ ಎರಡರ ನಡುವೆ ನಿಲ್ಲುತ್ತದೆ ಎನಿಸುತ್ತದೆ. ರಾಬರ್ಟ್ ಜೆನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಕೋಳಿಕ್ಕೋಡು, ಕಣ್ಣೂರು, ಕಾಸರಗೋಡು ಜಿಲ್ಲೆಗಳ ಮೀನುಗಾರರನ್ನು ವರ್ಷಗಟ್ಟಲೆ ಗಮನಿಸಿ 2007ರಲ್ಲಿ ಪ್ರಕಟಿಸಿದ ಲೇಖನವದು. ಮೊಬೈಲ್ 1997ರಲ್ಲಿ ಮೊದಲು ಕೋಳಿಕ್ಕೋಡಿಗೆ, ಆಮೇಲೆ ಕಣ್ಣೂರಿಗೆ, ಎಂದಿನಂತೆ ಕೊನೆಗೆ, 2000ದಲ್ಲಿ, ನಮ್ಮ ಕಾಸರಗೋಡಿಗೆ ಬಂತು. ಹೀಗೆ ಹಂತಹಂತವಾಗಿ ಬಂದದ್ದರಿಂದಲೇ ಅವರಿಗೆ ಹೋಲಿಸಿ ನೋಡುವುದು ಸಾಧ್ಯವಾಯಿತು. 1997ರ ಜನವರಿಯ ಒಂದು ಬೆಳಿಗ್ಗೆ ವಡಗರೆಯ ದಡದಲ್ಲಿ 11 ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ಬೂತಾಯಿ ಮೀನನ್ನು ಚೆಲ್ಲುತ್ತಿದ್ದಾಗ, ಅಲ್ಲಿಂದ 15 ಕಿಲೋಮೀಟರಿನೊಳಗಿನ ಬೇರೆ ದಡಗಳಲ್ಲಿ 27 ಮಂದಿ ಕೊಳ್ಳುವವರು ಮೀನು ಸಿಗದೆ ಬರಿಗೈಯಲ್ಲಿ ಮರಳುವುದರಲ್ಲಿದ್ದರು.

ಗೋಪುರಗಳು ಎದ್ದ ಮೇಲೆ ಸಿಗ್ನಲ್ ಕಡಲೊಳಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಹೋಗುತ್ತಿತ್ತು. ಬಲೆ ಎಳೆಯುತ್ತಿರುವಾಗಲೇ ಮೂರು ನಾಲ್ಕು ದಡಗಳಿಗೆ ಫೋನ್ ಮಾಡಿ, ಎಲ್ಲಿ ದರವಿದೆಯೋ ಅಲ್ಲಿಗೆ ದೋಣಿ ತಿರುಗಿಸುವುದು ರೂಢಿಯಾಯಿತು. ಮೀನು ಚೆಲ್ಲುವುದು ನಿಂತೇ ಹೋಯಿತು, ಮೀನುಗಾರರ ಲಾಭ ನೂರಕ್ಕೆ ಎಂಟರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ನೂರಕ್ಕೆ ನಾಲ್ಕರಷ್ಟು ಇಳಿಯಿತು. ಮೊಬೈಲ್ ಕಂಪನಿಗಳು ಗೋಪುರ ನಿಲ್ಲಿಸಿದ್ದು ಕರಾವಳಿ ಪೇಟೆಗಳ ಗಿರಾಕಿಗಳಿಗಾಗಿ. ಅದು ಬೂತಾಯಿಗೂ ದಕ್ಕೀತು ಎಂದು ಯಾರೂ ಎಣಿಸಿರಲಿಲ್ಲ. ಈ ಮಟ್ಟಿಗೆ ನೈರೋಬಿಯವರು ಗೆದ್ದರು.

ಆದರೆ ಒಂದು ಮಾತು. ದೋಣಿ ಮತ್ತು ಬಲೆಗೆ ದಲ್ಲಾಳಿಯಿಂದ ಮುಂಗಡ ಪಡೆದವನು ಮೀನನ್ನು ಆ ದಲ್ಲಾಳಿಗೇ ಹಾಕಬೇಕು. ಅವನ ಕೈಯಲ್ಲಿ ಮೊಬೈಲ್ ಇದ್ದರೆ ಬೇರೆ ದಡದ ದರ ಕೇಳಿ ಹೊಟ್ಟೆ ಉರಿಸಿಕೊಳ್ಳಬಹುದು, ಅಷ್ಟೇ.

ಮೂಲೆಯಂಗಡಿ

ಬೆಂಗಳೂರಿನ ಬಡಾವಣೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ. ವಿದ್ವಾಂಸರ ನಡುವೆ ನನ್ನದೊಂದು ಮಾತು. ಯುಪಿಐ 2016ರಲ್ಲಿ ಬಂದರೂ ನಮ್ಮಂಥವರು ಅದನ್ನು ನಂಬಿದ್ದು ಮಾತಾಡುವ ಪೆಟ್ಟಿಗೆ ಬಂದ ಮೇಲೆ. ಸಂಜೆ ಏಳರ ಹೊತ್ತಿಗೆ ಹತ್ತು ಗಿರಾಕಿಗಳು ನಿಂತು, ಒಬ್ಬರು ಹಾಲು, ಒಬ್ಬರು ಕರಿಬೇವು ಎನ್ನುವಾಗ, ಎಲ್ಲರೂ ಫೋನ್ ತೋರಿಸಿ ಹಾಕಿದ್ದೇನೆ ನೋಡಿ ಎಂದರೆ ಯಾರದೆಂದು ನೋಡುವುದು? ತೂಕ ಮಾಡುತ್ತಿರುವ ಕೈ ಬಿಡದೆ ಕಿವಿಯಲ್ಲಿಯೇ ಲೆಕ್ಕ ಹಿಡಿಯುವಂತೆ "ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕನ್ನಡದಲ್ಲಿ ಕೂಗುವ ಆ ಪೆಟ್ಟಿಗೆಯ ಹಿಂದೆ ಯಾರ ತಲೆಯಿದೆಯೋ, ಅವರು ಒಮ್ಮೆಯಾದರೂ ಗಲ್ಲಾದಲ್ಲಿ ಕುಳಿತಿರಬೇಕು. ಒಂದು ಸಲ ಪೆಟ್ಟಿಗೆ ಮೂರು ದಿನ ಬಾಯಿ ಕಟ್ಟಿತು, ಕಂಪನಿಯವರು ಬಾಡಿಗೆಯನ್ನು ಮಾತ್ರ ತಪ್ಪದೆ ಕಡಿದುಕೊಂಡರು, ಆ ಮಾತು ಬೇರೆ.

ಲೆಕ್ಕಿಗರ ಮಾತಿಗೆ ಇನ್ನೊಂದು ಮುಖವೂ ಇದೆ. ಎಲ್ಲವೂ ದಾಖಲಾದರೆ ಒಳ್ಳೆಯದೆನ್ನುವುದು ದಾಖಲೆ ಇನ್ನೊಬ್ಬರದಾಗಿರುವವರೆಗೆ ಮಾತ್ರ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿಯನ್ನು ಕಿತ್ತು "ಯುಪಿಐ ಇಲ್ಲ, ನಗದು ಮಾತ್ರ" ಎಂದು ಬರೆದು ಅಂಟಿಸಿದರು. ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕೆಂಬುದು ಕಾನೂನು, ಅದರ ಮೇಲೆ ತಕರಾರಿಲ್ಲ. ಆದರೆ ತೆರಿಗೆಯೇ ಇಲ್ಲದ ಹಾಲು ತರಕಾರಿಯ ಹಣವೂ, ಮಗಳ ಮದುವೆಗೆ ಭಾವಮೈದುನ ಕಳಿಸಿದ ಕೈಗಡವೂ ಆ ಖಾತೆಯಲ್ಲಿ ಒಂದೇ ಸಾಲಿನಲ್ಲಿ ಕಾಣುತ್ತವೆ. ಸಣ್ಣವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಹೇಳಿದ ಮೇಲೆ ಚೀಟಿಗಳು ಮತ್ತೆ ಗೋಡೆಗೆ ಬಂದವು. ಗಿರಾಕಿಯೇ ನಗದು ತರುವುದನ್ನು ಬಿಟ್ಟಿರುವಾಗ ನಾವೇನು ಮಾಡಲು ಸಾಧ್ಯ.

ಬಿ.ಸಿ. ಸಖಿ, ಕೊಪ್ಪಳ ಜಿಲ್ಲೆ

ಹಿರಿಯರಿಗೆ ನಮಸ್ಕಾರ. ನಾನು ಸ್ವಸಹಾಯ ಸಂಘದಿಂದ ಆಯ್ಕೆಯಾಗಿ ನಮ್ಮ ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕಟ್ಟಿಸಿಕೊಳ್ಳುವ, ಕೊಡುವ ಕೆಲಸ ಮಾಡುತ್ತೇನೆ. ಒಂದು ಮೊಬೈಲು, ಬೆರಳಚ್ಚಿನ ಯಂತ್ರ, ಒಂದು ನೋಟುಬುಕ್ಕು, ಇಷ್ಟೇ ನನ್ನ ಬ್ಯಾಂಕು. ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದ ವಾರ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇಲ್ಲಿ ಬೆರಳಚ್ಚಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಅಧಿಕಾರಿಯ ಬೆರಳು ಯಂತ್ರಕ್ಕೆ ಚೆನ್ನಾಗಿ ಗುರುತು ಸಿಗುತ್ತದೆ. ಕಳೆ ಕಿತ್ತ, ಪಾತ್ರೆ ತಿಕ್ಕಿದ, ಹುಣಸೆಹಣ್ಣು ಬಿಡಿಸಿದ ಬೆರಳು ಸಿಗುವುದಿಲ್ಲ. ಅರವತ್ತು ದಾಟಿದ ಎಷ್ಟೋ ಅಜ್ಜಿಯರ ಬೆರಳಲ್ಲಿ ಗೆರೆಯೇ ಉಳಿದಿರುವುದಿಲ್ಲ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ನಾನು ಮಾಡುವುದು ಹೀಗೆ: ಮೊದಲು ಬಿಸಿನೀರಿನಲ್ಲಿ ಕೈ ತೊಳೆಸಿ ಒಣಬಟ್ಟೆಯಲ್ಲಿ ಒರೆಸುತ್ತೇನೆ, ಅಜ್ಜಿ ಬೆರಳನ್ನು ತಾವೇ ಒತ್ತಿದರೆ ಜಾರುತ್ತದೆಂದು ಹಿಂದಿನಿಂದ ಮೆಲ್ಲಗೆ ಹಿಡಿಯುತ್ತೇನೆ, ಹೆಬ್ಬೆರಳು ಆಗದಿದ್ದರೆ ಉಂಗುರ ಬೆರಳು, ಅದು ಹೆಚ್ಚು ಕೆಲಸ ಮಾಡದ್ದರಿಂದ ಸವೆದಿರುವುದಿಲ್ಲ. ಯಾರಿಗೆ ಯಾವ ಬೆರಳು ಕೂಡುತ್ತದೆಂದು ನೋಟುಬುಕ್ಕಿನಲ್ಲಿ ಹೆಸರಿನ ಮುಂದೆ ಬರೆದುಕೊಂಡಿದ್ದೇನೆ. ಮುಂಜಾನೆಯೇ ಬನ್ನಿ ಎಂದೂ ಹೇಳುತ್ತೇನೆ, ಹೊಲಕ್ಕೆ ಹೋಗಿ ಬಂದ ಮೇಲೆ ಬೆರಳು ಒಡೆದಿರುತ್ತದೆ.

ನೈರೋಬಿ ಅಣ್ಣನವರು ಇದನ್ನು ಜಾಣ್ಮೆ ಎನ್ನಬಹುದು. ಲೆಕ್ಕಿಗ ಸರ್ ಅವರನ್ನು ನಾನು ಕೇಳುವುದು ಬೇರೆ. ಬೆರಳು ಹಿಡಿದು ಒತ್ತಿಸುವ ಈ ಕೈ ಕಳ್ಳಕೈಯಾದರೆ ಏನು ಗತಿ? ಅಜ್ಜಿಗೆ ಪರದೆ ಓದಲು ಬಾರದು. ಐನೂರು ಬಿಡಿಸಲು ಬಂದವರಿಂದ ಸಾವಿರ ಬಿಡಿಸಿ ಐನೂರು ಕೊಟ್ಟರೆ ಗೊತ್ತಾಗುವುದಿಲ್ಲ. ಅಂಥ ದೂರುಗಳನ್ನು ಬೇರೆ ಕಡೆ ಕೇಳಿದ್ದೇನೆ. ಆದ್ದರಿಂದ ನಾನು ಮೊತ್ತವನ್ನು ಗಟ್ಟಿಯಾಗಿ ಎಲ್ಲರ ಮುಂದೆ ಹೇಳುತ್ತೇನೆ, ಅಂಗಡಿಯವರ ಪೆಟ್ಟಿಗೆಯ ಹಾಗೆ.

ಸಂಶೋಧನಾ ವಿದ್ಯಾರ್ಥಿ

ಲೆಕ್ಕಿಗರು ಭೂಮಿ ಯೋಜನೆಯ ಒಂದು ಮುಖವನ್ನು ಮಾತ್ರ ತೋರಿಸಿದರೆಂದು ವಿನಯದಿಂದ ಹೇಳಬಯಸುತ್ತೇನೆ. ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರಿನ ಸುತ್ತಲಿನ ಭೂಮಿಯ ಬಗ್ಗೆ ಬರೆದ ಪ್ರಬಂಧದ ವಾದವೇನೆಂದರೆ, ಹಳ್ಳಿಯ ಮಟ್ಟದಲ್ಲಿ ಚದುರಿದ್ದ ದಾಖಲೆ ತಾಲ್ಲೂಕಿಗೆ ಹೋಗಿ ಕೇಂದ್ರೀಕೃತವಾದಾಗ, ದೊಡ್ಡ ಭೂವ್ಯವಹಾರಗಾರರಿಗೆ ಯಾವ ಊರಿನಲ್ಲಿ ಯಾರ ಜಮೀನು ಎಷ್ಟಿದೆ ಎಂದು ಹುಡುಕುವುದು ಸುಲಭವಾಯಿತು, ಬಡವರಿಗೆ ಸ್ಥಳೀಯವಾಗಿ ಮಾತಾಡಿ ಬಗೆಹರಿಸಿಕೊಳ್ಳುತ್ತಿದ್ದ ದಾರಿ ಕಿರಿದಾಯಿತು. ಲಂಚ ಅಳಿಯಲಿಲ್ಲ, ಮೇಲಿನ ಮೆಟ್ಟಿಲಿಗೆ ಏರಿತು ಎಂಬುದು ಅವರ ಆರೋಪ. ಈ ವಾದದಲ್ಲಿ ಹಳೆಯ ಪದ್ಧತಿಯ ಬಗ್ಗೆ ಸ್ವಲ್ಪ ಹೆಚ್ಚೇ ಮಮತೆಯಿದೆ ಎಂದು ನನಗೂ ಅನಿಸಿದೆ. ಆದರೂ ಒಂದಂಶ ನಿಜ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಮೂವತ್ತು ವರ್ಷ ಉಳುತ್ತಿರುವ, ಪೋಡಿಯಾಗದ, ಅಂದರೆ ಅಳತೆ ಮಾಡಿ ದಾಖಲೆಯಲ್ಲಿ ಬೇರೆ ಮಾಡದ, ಜಮೀನು ಗಣಕದಲ್ಲಿ ಸತ್ತುಹೋದ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ಗಣಕಕ್ಕೆ ಕಾಣುವುದು ಅಜ್ಜ ಮಾತ್ರ.

ನೈರೋಬಿಯಲ್ಲಿದ್ದವ

ಲೆಕ್ಕಿಗರ ಖಾಲಿ ಗೆರೆಗೆ ನನ್ನ ಬಳಿ ಉತ್ತರವಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನಾನು ಹೊಗಳಿದ ಜಾಣ್ಮೆ ತನ್ನ ಹಣವನ್ನು ತಾನೇ ಆಡಿಸುವವನದು. ಅವರು ಹೇಳಿದ್ದು ಇನ್ನೊಬ್ಬನ ಆಸ್ತಿಯ ಪುಸ್ತಕ ಕೈಯಲ್ಲಿಟ್ಟುಕೊಂಡವನದು. ಎರಡನ್ನೂ ಒಂದೇ ಪದದಲ್ಲಿ ಕರೆದದ್ದು ನನ್ನ ತಪ್ಪು.

ನಾನು ಊರಿಗೆ ಮರಳುವ ಹೊತ್ತಿಗೆ ಕೀನ್ಯಾದಲ್ಲಿ ಆದ ಬದಲಾವಣೆಯನ್ನೂ ಮೊದಲೇ ಹೇಳಬೇಕಿತ್ತು. ಎಂ-ಕೋಪಾ ಎಂಬ ಕಂಪನಿ 2012ರಿಂದ ವಿದ್ಯುತ್ತಿಲ್ಲದ ಮನೆಗಳಿಗೆ ಸೌರಫಲಕ, ದೀಪ, ರೇಡಿಯೊ ಕೊಟ್ಟು, ದಿನಕ್ಕೆ ಸುಮಾರು 50 ಶಿಲಿಂಗಿನಂತೆ ಎಂ-ಪೆಸಾದಲ್ಲಿಯೇ ಕಂತು ಪಡೆಯತೊಡಗಿತು. ಸೀಮೆಎಣ್ಣೆಯ ಖರ್ಚಿನಲ್ಲಿಯೇ ಮನೆಗೆ ಬೆಳಕು ಬಂತು, ಮಕ್ಕಳು ಹೊಗೆಯಿಲ್ಲದೆ ಓದಿದರು. ಆದರೆ ಪೆಟ್ಟಿಗೆಯೊಳಗೊಂದು ಸಿಮ್ ಇರುತ್ತದೆ. ಕಂತು ತಪ್ಪಿದ ದಿನ ದೂರದಿಂದಲೇ ದೀಪ ಆರುತ್ತದೆ. ನಮ್ಮ ಗೋದಾಮಿನ ಕಾವಲುಗಾರನ ಮನೆಯಲ್ಲಿ ಒಮ್ಮೆ ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದ ವಾರವೇ ದೀಪ ಆರಿತ್ತು. ಹಳ್ಳಿಯಲ್ಲಿ ಸಾಲ ಕೊಡುವವನಾದರೆ ಬೈದಾನು, ಆದರೂ ಒಂದು ವಾರ ತಡೆದಾನು ಎಂದು ಅವನು ಹೇಳಿದ್ದು ನೆನಪಿದೆ.

2019ರಲ್ಲಿ ಫುಲಿಜಾ ಎಂಬ ಸಾಲದ ಸೌಲಭ್ಯ ಬಂದು, ಖಾತೆಯಲ್ಲಿ ಹಣ ಸಾಲದಿದ್ದರೂ ಪಾವತಿ ನಡೆಯುವಂತಾಯಿತು. ಪ್ರಯೋಗದ ಕಾಲದಲ್ಲಿ ಜನ ಸಾಲದ ಸಾಧನವನ್ನು ಪಕ್ಕಕ್ಕೆ ತಳ್ಳಿ ಹಣ ಕಳಿಸುವ ಸಾಧನವನ್ನಾಗಿ ಮಾಡಿಕೊಂಡಿದ್ದರು. ವರ್ಷಗಳು ಕಳೆದ ಮೇಲೆ ಸಾಲ ಹಿಂಬಾಗಿಲಿನಿಂದ ಒಳಗೆ ಬಂದು ಕುಳಿತಿದೆ. ತಿಂಗಳ ಸಂಬಳ ಬಿದ್ದ ಕೂಡಲೇ ಹಳೆಯ ಬಾಕಿಗೆ ಕಡಿತವಾಗಿ, ಮರುದಿನವೇ ಮತ್ತೆ ಸಾಲ ಮಾಡುತ್ತಿದ್ದವರು ನಮ್ಮ ಕಚೇರಿಯಲ್ಲಿಯೇ ಹಲವರಿದ್ದರು.

ನಿವೃತ್ತ ಗ್ರಾಮಲೆಕ್ಕಿಗ

ಕೊಪ್ಪಳದ ತಂಗಿ ಕೇಳಿದ ಪ್ರಶ್ನೆಯೇ ಇಲ್ಲಿ ಕೇಳಿದವುಗಳಲ್ಲಿ ಮುಖ್ಯವಾದದ್ದು. ಅದಕ್ಕೆ ಮೊದಲು ನಾನೂ ಒಂದನ್ನು ಒಪ್ಪಿಕೊಳ್ಳಬೇಕು.

ನಮ್ಮ ಕೈಬರಹದ ರಿಜಿಸ್ಟರುಗಳನ್ನು ಗಣಕಕ್ಕೆ ತುಂಬಿಸಲು ಕೂತ ಹುಡುಗರಿಗೆ ನಮ್ಮ ಅಕ್ಷರ ಅರ್ಥವಾಗುತ್ತಿರಲಿಲ್ಲ, ಊರಿನ ಮನೆತನಗಳ ಪರಿಚಯವೂ ಇರಲಿಲ್ಲ. ಬಸವಣ್ಣೆಪ್ಪ ಬಸಣ್ಣನಾದ, ಯಲ್ಲಪ್ಪ ಮಲ್ಲಪ್ಪನಾದ, ಎರಡು ಎಕರೆ ಹದಿನೆಂಟು ಗುಂಟೆಯಲ್ಲಿ ಹದಿನೆಂಟು ಬಿಟ್ಟುಹೋಯಿತು. ತಾಳೆ ನೋಡಿ ಸಹಿ ಹಾಕಬೇಕಾಗಿದ್ದವರು ನಾವೇ. ರಾಶಿ ರಾಶಿ ಹಾಳೆಗಳನ್ನು ಗಡುವಿನೊಳಗೆ ಮುಗಿಸುವ ಅವಸರದಲ್ಲಿ ನಾನು ಹೇಗೆ ನೋಡಿದೆನೆಂಬುದು ನನಗೇ ಗೊತ್ತಿದೆ. ಕೈಬರಹದ ಕಾಲದಲ್ಲಿ ಇಂಥ ತಪ್ಪನ್ನು ಒಂದು ಗೆರೆ ಹೊಡೆದು ಸರಿಮಾಡುತ್ತಿದ್ದೆವು. ಗಣಕಕ್ಕೆ ಹೋದ ತಪ್ಪು ಮಾತ್ರ ಕಲ್ಲಿನ ಮೇಲೆ ಕೆತ್ತಿದಂತೆ. ಪಹಣಿ ತಿದ್ದುಪಡಿಗೆ ಅರ್ಜಿ, ವಂಶವೃಕ್ಷ, ಮಹಜರು, ವಿಚಾರಣೆ ಎಂದು ಅಲೆದು, ನನ್ನ ಸಹಿಯ ಕೆಳಗಿನ ತಪ್ಪಿಗಾಗಿ ಚಪ್ಪಲಿ ಸವೆಸಿದವರನ್ನು ನಿವೃತ್ತನಾದ ಮೇಲೆಯೂ ಬೀದಿಯಲ್ಲಿ ಭೇಟಿಯಾಗುತ್ತೇನೆ. ಬಾಗಿಲು ಹಾಕಬೇಕೆಂದು ಮೊದಲು ಬರೆದೆ. ಹಾಕಿದ ಬಾಗಿಲಿನ ಒಳಗೆ ತಪ್ಪೂ ಸಿಕ್ಕಿಕೊಂಡಿತೆಂಬುದನ್ನು ಬರೆದಿರಲಿಲ್ಲ.

ತಂಗಿ, ನಿನ್ನ ಪ್ರಶ್ನೆಗೆ ನನಗೆ ತೋಚುವುದು ಇಷ್ಟು. ಕಳ್ಳಕೈಯನ್ನು ತಡೆಯಲು ಎರಡನೆಯ ಪರದೆ ಬೇಕು, ಓದಲು ಬಾರದವರಿಗೆ ಆ ಪರದೆ ದನಿಯಾಗಿರಬೇಕು. ಎಷ್ಟು ಬಿಡಿಸಿದೆ, ಎಷ್ಟು ಉಳಿಯಿತು ಎಂದು ನಿನ್ನ ಯಂತ್ರವೇ ಅಜ್ಜಿಗೆ ಕೇಳುವಂತೆ ಕನ್ನಡದಲ್ಲಿ ಹೇಳುವುದು ಕಷ್ಟದ ಕೆಲಸವಲ್ಲ. ಐದು ರೂಪಾಯಿಯ ಬೆಂಕಿಪೊಟ್ಟಣಕ್ಕೆ ಕೂಗುವ ಪೆಟ್ಟಿಗೆ ಇರುವಾಗ ಎರಡು ಸಾವಿರಕ್ಕೆ ಬೇಡವೇ? ನಿನ್ನ ಬ್ಯಾಂಕಿನವರಿಗೆ ಇದನ್ನು ಬರೆದು ಕೊಡು.

ಬಿ.ಸಿ. ಸಖಿ, ಕೊಪ್ಪಳ ಜಿಲ್ಲೆ

ಬರೆದು ಕೊಡುತ್ತೇನೆ ಸರ್. ಹಾಗೆಯೇ ಒಂದು ಉಪಕಾರವಾಗಬೇಕು. ಹಣ ಬಿಡಿಸಲು ಬರುವ ಹೆಂಗಸರು ಪಹಣಿಯನ್ನೂ ತಂದು, ಸಾಲ ತೀರಿಸಿದ್ದೇವೆ, ಆದರೂ ಇದರಲ್ಲಿ ಏನೋ ಇದೆಯಂತೆ ಎಂದು ನನ್ನನ್ನೇ ಕೇಳುತ್ತಾರೆ. ನನಗೆ ಅದನ್ನು ಓದಲು ಬರುವುದಿಲ್ಲ.

ನಿವೃತ್ತ ಗ್ರಾಮಲೆಕ್ಕಿಗ

ಪಹಣಿಯಲ್ಲಿ ಮೊದಲು ಒಂಬತ್ತನೆಯ ಕಾಲಂ ನೋಡು, ಅಲ್ಲಿ ಜಮೀನು ಯಾರ ಹೆಸರಿನಲ್ಲಿ ಎಷ್ಟು ವಿಸ್ತೀರ್ಣವಿದೆ ಎಂಬುದಿರುತ್ತದೆ. ಹೆಸರನ್ನು ಆಧಾರ್ ಚೀಟಿಯೊಡನೆ ಅಕ್ಷರ ಅಕ್ಷರ ತಾಳೆ ನೋಡು. ಆಮೇಲೆ ಹನ್ನೊಂದನೆಯ ಕಾಲಂ. ಇತರ ಹಕ್ಕುಗಳು, ಋಣಗಳು ಎಂದು ಬರೆದಿರುವ ಆ ಜಾಗದಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಹೆಸರೂ ಮೊತ್ತವೂ ಇದ್ದರೆ, ಸಾಲ ತೀರಿದ್ದರೂ ಗಣಕದ ಲೆಕ್ಕದಲ್ಲಿ ತೀರಿಲ್ಲವೆಂದೇ ಅರ್ಥ. ಸಾಲ ಕೊಟ್ಟವರಿಂದ ಬೇಬಾಕಿ ಪ್ರಮಾಣಪತ್ರ ಪಡೆದು, ಅದರೊಡನೆ ಋಣ ತೆಗೆಸುವ ಅರ್ಜಿ ಕೊಡಬೇಕು. ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯದೆ ಕೌಂಟರ್ ಬಿಡಬಾರದು. ಕೆಲವು ವಾರ ಬಿಟ್ಟು ಹೊಸ ಪಹಣಿ ತೆಗೆಸಿ, ಆ ಜಾಗ ಖಾಲಿಯಾಗಿದೆಯೇ ಎಂದು ಮತ್ತೆ ನೋಡು. ಹೆಸರು, ಸರ್ವೆ ನಂಬರು ಮುಚ್ಚಿ ಪಹಣಿಯ ಫೋಟೊ ಇಲ್ಲಿ ಹಾಕಿದರೆ ಉಳಿದ ಕಾಲಂಗಳನ್ನೂ ಹೇಳಿಕೊಡುತ್ತೇನೆ.